ಟೇಪಿನ ಮೇಲಿನ ಕೆಂಪು ಚುಕ್ಕೆಗಳು: ವಯಸ್ಕ ಮಹಿಳೆಯರ ಹೊಲಿಗೆ ತರಗತಿಯ ಒಂದು ಪ್ರಕರಣ

ಹಿನ್ನೆಲೆ

ಧಾರವಾಡ ಸೀಮೆಯ ಒಂದು ತಾಲ್ಲೂಕು ಊರಿನ ಸಣ್ಣ ತರಬೇತಿ ಕೇಂದ್ರ. ಮಹಿಳೆಯರಿಗೆ 45 ದಿನಗಳ ಹೊಲಿಗೆ ತರಗತಿ, ಬೆಳಿಗ್ಗೆ 9.30ರಿಂದ ಮಧ್ಯಾಹ್ನ 1.30ರವರೆಗೆ. ಹೆಸರು ಬರೆಸಿದವರು 28 ಮಂದಿ, ವಯಸ್ಸು 19ರಿಂದ 44. ಕಾಲಲ್ಲಿ ತುಳಿಯುವ ಮಷೀನು 14. ಅವುಗಳಲ್ಲಿ ಯಾವತ್ತೂ ಎರಡು ಕೆಟ್ಟು ಕೂತಿರುತ್ತಿದ್ದವು. ಕಲಿಸುವವರು ಒಬ್ಬರೇ: ಫ್ಯಾಷನ್ ಡಿಸೈನಿಂಗ್ ಡಿಪ್ಲೊಮಾ ಮುಗಿಸಿದ 26 ವರ್ಷದ ಶಿಕ್ಷಕಿ. ಕಾಲೇಜು ಹುಡುಗಿಯರಿಗೆ ಎರಡು ವರ್ಷ ಕಲಿಸಿದ ಅನುಭವ ಅವರಿಗಿತ್ತು. ತನಗಿಂತ ಹಿರಿಯರಿಗೆ ಕಲಿಸುವುದು ಇದೇ ಮೊದಲು. ವಾರಕ್ಕೊಮ್ಮೆ ಬಂದು ನೋಡಿಹೋಗುವ ಮೇಲ್ವಿಚಾರಕಿ ಒಬ್ಬರಿದ್ದರು. ಊರು, ಕೇಂದ್ರ, ವ್ಯಕ್ತಿಗಳ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದೆ.

ಇದು ವಸತಿ ತರಬೇತಿಯಲ್ಲ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಬರುವ ಗೊಂದಲದಲ್ಲಿ ಅರ್ಧ ಅದರಿಂದಲೇ ಹುಟ್ಟಿದ್ದು. ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲೂ ಆ ಮಾದರಿಯನ್ನು ನೋಡಿ ಜಿಲ್ಲೆ ಜಿಲ್ಲೆಗಳಲ್ಲಿ ತೆರೆದ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಲ್ಲೂ ಕಲಿಯುವವರಿಗೆ ಊಟ, ವಸತಿ ಅಲ್ಲೇ ಇರುತ್ತದೆ. ಮನೆಯ ಕೆಲಸ ಒಂದಷ್ಟು ದಿನ ಹೊಸ್ತಿಲ ಆಚೆ ಉಳಿಯುತ್ತದೆ. ಹಗಲು ತರಗತಿಗೆ ಬರುವವಳು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿದು ಬರುತ್ತಾಳೆ. ಒಂದೂವರೆ ಆಗುತ್ತಲೇ ಅವಳ ಮನಸ್ಸು ಮನೆ ಸೇರಿರುತ್ತದೆ. ಇಲ್ಲಿನ 28 ಮಂದಿಯಲ್ಲಿ 17 ಮಂದಿ ಸುತ್ತಲಿನ ಹಳ್ಳಿಯವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂಬ ಧೈರ್ಯದ ಮೇಲೆ ಹೆಸರು ಬರೆಸಿದವರೂ ಅವರಲ್ಲಿದ್ದರು.

ಪ್ರಕರಣದ ನಡುವೆ ಇರುವ ಕಲಿಕಾರ್ತಿಯನ್ನು ಇಲ್ಲಿ ‘ಹಿರಿಯಕ್ಕ’ ಎಂದು ಕರೆಯೋಣ. ವಯಸ್ಸು 41, ಓದಿದ್ದು ನಾಲ್ಕನೇ ಇಯತ್ತೆ. ಹದಿನೈದು ವರ್ಷದಿಂದ ಮನೆಯಲ್ಲೇ ಮಷೀನು ಇಟ್ಟುಕೊಂಡು ಹೊಲಿಯುವವರು. ಖಣದ ಬಟ್ಟೆಯ ಕುಬಸ, ಅಂದರೆ ರವಿಕೆ, ಹೊಲಿಯುವುದರಲ್ಲಿ ಅವರದು ಪಳಗಿದ ಕೈ. ದಡಿ ಸರಿಯಾಗಿ ತೋಳಿನ ಅಂಚಿಗೆ ಬರುವ ಹಾಗೆ ಕೂರಿಸುವುದನ್ನು ನೋಡಲು ಊರಿನವರು ಬರುತ್ತಿದ್ದರಂತೆ. ತರಗತಿಗೆ ಬಂದದ್ದು ಪ್ರಮಾಣಪತ್ರಕ್ಕೆ. ಅದಿದ್ದರೆ ಬ್ಯಾಂಕಿನಲ್ಲಿ ಸಾಲ ತೆಗೆದು ಮೋಟರ್ ಮಷೀನು ಕೊಳ್ಳಬಹುದೆಂಬುದು ಅವರ ಲೆಕ್ಕ.

ತೊಂದರೆ ಹೇಗೆ ಶುರುವಾಯಿತು

ಮೊದಲ ದಿನವೇ ಒಂದು ಎಡವಟ್ಟು ನಡೆಯಿತು. ಕಾಲೇಜಿನ ರೂಢಿಯಂತೆ ಶಿಕ್ಷಕಿ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸಿದರು: “ನಿನ್ನ ಹೆಸರೇನು? ನೀ ಇಲ್ಲಿ ಕುಂದ್ರು.” ಹಿರಿಯಕ್ಕ ನಕ್ಕೊಂಡೇ ಉತ್ತರ ಕೊಟ್ಟರು: “ಕುಂದರ್ತೀನಿ ತಂಗಿ, ನೀ ಶುರು ಮಾಡು.” ತರಗತಿ ಗೊಳ್ಳೆಂದಿತು. ಅಂದಿನಿಂದ ಮಿಕ್ಕವರೆಲ್ಲ ಶಿಕ್ಷಕಿಗೆ ‘ಅಕ್ಕಾರ’ ಎಂದರೆ ಹಿರಿಯಕ್ಕ ಮಾತ್ರ ‘ತಂಗಿ’ ಎನ್ನುತ್ತಿದ್ದರು. ಈ ಸೀಮೆಯಲ್ಲಿ ‘ರೀ’ ಹಚ್ಚದೆ ಮಾತಾಡಿದರೆ ಸಲಿಗೆಯೂ ಆಗಬಹುದು, ಅವಮಾನವೂ ಆಗಬಹುದು. ಮೂರು ಮಕ್ಕಳ ತಾಯಿಗೆ, ಸೊಸೆ ತಂದುಕೊಂಡವಳಿಗೆ, ಹತ್ತು ಜನರ ಎದುರು ‘ಕುಂದ್ರು’ ಎನ್ನುವುದು ಎರಡನೆಯದೇ. ವಯಸ್ಕರ ತರಗತಿಯ ಶಿಸ್ತು ಮೊದಲ ಗಂಟೆಯ ಸಂಬೋಧನೆಯಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಶಿಕ್ಷಕಿಯ ಪಾಠದ ಕ್ರಮ ಹೀಗಿತ್ತು. ಮೊದಲ ಆರು ದಿನ ಸೂಜಿಗೆ ದಾರ ಹಾಕದೆ ಗೆರೆ ಹಾಕಿದ ಕಾಗದದ ಮೇಲೆ ಹೊಲಿಗೆ: ನೇರ ಗೆರೆ, ಮೂಲೆ, ಸುರುಳಿ. ಕಾಲು ಮತ್ತು ಕೈ ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಇದು ಒಳ್ಳೆಯ ಅಭ್ಯಾಸ, ಬಟ್ಟೆಯೂ ದಾರವೂ ಉಳಿಯುತ್ತವೆ. ಏಳನೇ ದಿನದಿಂದ ದೊಡ್ಡ ಕಾಗದದ ಮೇಲೆ ಅಳತೆ ಹಾಕಿ ಬ್ಲೌಸಿನ ನಕ್ಷೆ ಬರೆಯುವುದು. ಹದಿಮೂರನೇ ದಿನಕ್ಕೆ ಬಟ್ಟೆ. ಹೊಸಬರಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಹದಿನೈದು ವರ್ಷ ಹೊಲಿದವರನ್ನೂ ಸೂಜಿಗೆ ದಾರ ಪೋಣಿಸಲು ಬಾರದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಕಾಗದ ಹೊಲಿಸಿದ್ದು ಸರಿ ಬರಲಿಲ್ಲ. ನಾಲ್ಕನೇ ದಿನ ಹಿರಿಯಕ್ಕ ಕಾಗದ ಮಡಿಸಿ ಪಕ್ಕಕ್ಕಿಟ್ಟು ಹೇಳಿದರು: “ನಾವು ಕಾಗದಾ ಹೊಲಿಯಾಕ ಬಂದಿಲ್ಲ, ಕುಬಸಾ ಹೊಲಿಯಾಕ ಬಂದೀವಿ.”

ಏಳನೇ ದಿನದ ನಂತರ ಗದ್ದಲ ಜೋರಾಯಿತು. ಶಿಕ್ಷಕಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರೆ ಹಿರಿಯಕ್ಕ ಬೆನ್ನು ತಿರುಗಿಸಿ ಕೂರುವರು. “ಇದು ಕಂಕಳದಾಗ ಹಿಡಿತೈತಿ” ಎಂದು ನಡುವೆಯೇ ಕೂಗಿ ಹೇಳುವರು. ಕಿಟಕಿಯ ಪಕ್ಕ ಅವರ ಸುತ್ತ ಐದಾರು ಮಂದಿಯ ಬೇರೆ ತರಗತಿಯೇ ಶುರುವಾಯಿತು. ಅಲ್ಲಿ ಅವರು ಹಳೆಯ ಅಳತೆ ಬ್ಲೌಸನ್ನು ಬಟ್ಟೆಯ ಮೇಲಿಟ್ಟು ಸುತ್ತಲೂ ಚಾಕಿನಿಂದ ಗೆರೆ ಎಳೆದು, ಎರಡು ಬೆರಳು ಬಿಟ್ಟು ಕತ್ತರಿಸುವುದನ್ನು ತೋರಿಸುತ್ತಿದ್ದರು. ಬೋರ್ಡಿನ ಮೇಲಿನ ಭಾಗಾಕಾರಕ್ಕಿಂತ ಅದು ಸುಲಭವಾಗಿ ಕಾಣುತ್ತಿತ್ತು. ಇದರ ಜೊತೆಗೆ ಎಲ್ಲ ಹಗಲು ತರಗತಿಗಳಲ್ಲಿ ಇರುವ ಕಿರಿಕಿರಿ: ತಡವಾಗಿ ಬರುವುದು, ಫೋನು, ಮಷೀನಿನ ಕೆಳದಾರದ ಉರುಳೆ ಕೂರುವ ಬಾಬಿನ್ ಕೇಸ್ ಯಾರು ತೆಗೆದರು ಎಂಬ ಜಗಳ.

ಏನೇನು ಮಾಡಿ ನೋಡಿದರು

ಮೊದಲು ಕಂಡೂ ಕಾಣದ ಹಾಗೆ ಇದ್ದರು. ಮೂರು ದಿನ. ಕಿಟಕಿ ಪಕ್ಕದ ಗುಂಪು ಮೂವರಿಂದ ಆರಕ್ಕೆ ಏರಿತು.

ಎರಡನೆಯದು ದಂಡ. ಹತ್ತನೇ ದಿನ ಬೋರ್ಡಿನ ಮೂಲೆಯಲ್ಲಿ ಐದು ನಿಯಮ ಬಂದವು: ತಡವಾದರೆ ಹತ್ತು ರೂಪಾಯಿ, ಫೋನು ಬುಟ್ಟಿಯಲ್ಲಿ, ಹೀಗೆ. ಹಳ್ಳಿಯ ಬಸ್ಸು ಊರು ಮುಟ್ಟುವುದೇ 9.40ಕ್ಕೆ, ಬಸ್‌ಸ್ಟ್ಯಾಂಡಿನಿಂದ ನಡೆದು ಬರಲು ಇನ್ನೂ ಹತ್ತು ನಿಮಿಷ. ಟಿಕೆಟ್ ಇಲ್ಲದೆ ಬಂದವಳು ಬಾಗಿಲಲ್ಲಿ ದಿನಾ ಹತ್ತು ರೂಪಾಯಿ ಕೊಡಬೇಕಾಯಿತು. ಮೂರು ದಿನ ಕೊಟ್ಟರು. ನಾಲ್ಕನೇ ದಿನದಿಂದ ತಡವಾಗುವುದು ನಿಂತಿತು, ಏಕೆಂದರೆ ತಡವಾಗುತ್ತದೆ ಎಂದು ಕಂಡ ದಿನ ಅವರು ಬರುವುದನ್ನೇ ಬಿಟ್ಟರು. ಹಾಜರಿ ಪುಸ್ತಕದಲ್ಲಿ ‘ತಡ’ ಎಂಬುದು ಇಲ್ಲವಾಗಿ ‘ಗೈರು’ ಬಂತು. ಇಪ್ಪತ್ತು ನಿಮಿಷ ಉಳಿಸಲು ಹೋಗಿ ನಾಲ್ಕು ಗಂಟೆ ಕಳೆದುಕೊಂಡ ಲೆಕ್ಕ ಇದು. ಫೋನಿನ ಬುಟ್ಟಿಯೂ ಉಳಿಯಲಿಲ್ಲ. ಒಬ್ಬಾಕೆಯ ಮಗುವಿಗೆ ಅಂಗನವಾಡಿಯಲ್ಲಿ ಜ್ವರ ಬಂದು ಮೂರು ಸಲ ಬಂದ ಕರೆ ಬುಟ್ಟಿಯಲ್ಲೇ ಬಡಿದುಕೊಂಡಿತು. ಆಕೆ ಅತ್ತು ಎದ್ದು ಹೋದ ಮೇಲೆ ಬುಟ್ಟಿಗೆ ಯಾರೂ ಫೋನು ಹಾಕಲಿಲ್ಲ, ಶಿಕ್ಷಕಿಗೂ ಕೇಳುವ ಧೈರ್ಯ ಬರಲಿಲ್ಲ. ನಿಯಮವೊಂದು ಹೀಗೆ ಸದ್ದಿಲ್ಲದೆ ಸತ್ತರೆ ಉಳಿದ ನಿಯಮಗಳ ಬಲವನ್ನೂ ತೆಗೆದುಕೊಂಡು ಹೋಗುತ್ತದೆ.

ಮೂರನೆಯದು, ಹಿರಿಯಕ್ಕನನ್ನು ಸಹಾಯಕಿ ಮಾಡಿದ್ದು. ಗಲಾಟೆ ಮಾಡುವವರಿಗೆ ಜವಾಬ್ದಾರಿ ಕೊಡಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಹನ್ನೊಂದನೇ ದಿನ ಶಿಕ್ಷಕಿ ಅವರಿಗೆ, “ನೀವು ಹಿಂದಿನ ಎರಡು ಸಾಲು ನೋಡ್ಕೊಳ್ರಿ” ಎಂದರು. ಏನು ನೋಡಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳಲಿಲ್ಲ. ಹಿರಿಯಕ್ಕ ಮನಸ್ಸಿಟ್ಟೇ ಕೆಲಸ ಮಾಡಿದರು. ಆದರೆ ಅವರ ಸಹಾಯ ಎಂದರೆ ತೊಡಕಾದವರನ್ನು ಎಬ್ಬಿಸಿ, ತಾವು ಮಷೀನಿಗೆ ಕೂತು, ಹೊಲಿದು ಮುಗಿಸಿ ಕೈಗೆ ಕೊಡುವುದು. ಮನೆಯಲ್ಲಿ ಮಗಳಿಗೆ ಹಾಗೇ ಮಾಡಿದ್ದರು, ಇಲ್ಲೂ ಹಾಗೇ ಮಾಡಿದರು. ಹಿಂದಿನ ಎರಡು ಸಾಲಿನವರ ಹುಕ್ ಪಟ್ಟಿ ಚೆಂದವಾಗಿ ಬಂದವು. ಐದು ದಿನದ ನಂತರ ಅವರಿಗೇ ಮತ್ತೆ ಹೊಲಿಯಲು ಹೇಳಿದರೆ ಎಂಟು ಮಂದಿಯಲ್ಲಿ ಇಬ್ಬರಿಗೆ ಮಾತ್ರ ಬಂತು. ಅನುಭವಿಗಳನ್ನು ಸಹಾಯಕ್ಕೆ ಬಿಡುವಾಗ ಒಂದು ಕಟ್ಟುನಿಟ್ಟು ಬೇಕು: ಬಾಯಲ್ಲಿ ಹೇಳಬಹುದು, ಬೇರೆ ತುಂಡಿನ ಮೇಲೆ ಮಾಡಿ ತೋರಿಸಬಹುದು, ಕಲಿಯುವವಳ ಬಟ್ಟೆಗೆ ಮಾತ್ರ ಕೈ ಹಾಕುವಂತಿಲ್ಲ. ಹನ್ನೊಂದನೇ ದಿನ ಇಷ್ಟು ಹೇಳಿದ್ದರೆ ಸಾಕಿತ್ತು.

ನಾಲ್ಕನೆಯದು ಹದಿನಾರನೇ ದಿನದ ಸ್ಫೋಟ. ಶಿಕ್ಷಕಿ ಬೋರ್ಡಿನ ಮೇಲೆ ಮುಂಭಾಗದ ನಕ್ಷೆ ಬರೆದು, ಅಳತೆ ಕೂಡಿಸಿ, “ಹಿರಿಯಕ್ಕಾ, ಇದರ ನಾಲ್ಕನೇ ಭಾಗ ಎಷ್ಟು ಬಂತು ಹೇಳ್ರಿ” ಎಂದರು. ಹಿರಿಯಕ್ಕ ತಟ್ಟನೆ ಎದ್ದರು. “ಈ ಲೆಕ್ಕದಾಗ ಹೊಲದ ಕುಬಸಾ ಯಾರೂ ತೊಟ್ಟಿಲ್ಲ ತಂಗಿ. ಬಟ್ಟಿ ಹಾಳ ಮಾಡ್ತಿ.” ಹತ್ತು ದಿನದ ಸಿಟ್ಟು ಶಿಕ್ಷಕಿಯ ಬಾಯಿಗೆ ಬಂತು: “ಅಷ್ಟ ಗೊತ್ತಿದ್ರ ನೀವ ಕಲಸ್ರಿ. ಇಲ್ಲಾ ಅಂದ್ರ ಮನಿಯಾಗ ಕುಂದರ್ರಿ.” ಹಿರಿಯಕ್ಕ ಚೀಲ ಎತ್ತಿಕೊಂಡು ಹೊರಟರು. ಅವರ ಹಿಂದೆ ಐವರು.

ಗುರುತು ಸಿಕ್ಕಿದ್ದು ಎಲ್ಲಿ

ಮರುದಿನ ಮೇಲ್ವಿಚಾರಕಿ ಬಂದರು. ಯಾರ ತಪ್ಪು ಎಂಬ ವಿಚಾರಣೆಗೆ ಅವರು ಕೈ ಹಾಕಲಿಲ್ಲ. ಶಿಕ್ಷಕಿ ದಿನಚರಿ ಬರೆಯುತ್ತಿದ್ದರು. ಅದನ್ನು ತೆರೆದು, ಗದ್ದಲವಾದ ಪ್ರತಿ ಸಲದ ಪಕ್ಕದಲ್ಲಿ ಆಗ ತರಗತಿಯಲ್ಲಿ ನಡೆಯುತ್ತಿದ್ದ ಕೆಲಸ ಏನು ಎಂದು ಗುರುತು ಹಾಕಿಸಿದರು. ಹಿರಿಯಕ್ಕನಿಂದ ಪಾಠ ನಿಂತದ್ದು ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ಕಾಗದದ ಮೇಲೆ ನಕ್ಷೆ ಬರೆಯುವ ಹೊತ್ತಿನಲ್ಲೇ ಆಗಿತ್ತು. ಮಷೀನಿನ ಹೊತ್ತಿನಲ್ಲಿ ಒಂದೂ ಇರಲಿಲ್ಲ. ಸ್ವಭಾವವೇ ಜಗಳಗಂಟಿಯಾಗಿದ್ದರೆ ಮಷೀನಿನ ಮುಂದೆಯೂ ಜಗಳವಾಗಬೇಕಿತ್ತು, ಅದೂ ಇಬ್ಬರಿಗೊಂದು ಮಷೀನು ಇರುವಲ್ಲಿ.

ಹಿರಿಯಕ್ಕ ಅವಸರದಲ್ಲಿ ತಮ್ಮ ಟೇಪನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಅರವತ್ತು ಇಂಚಿನ ಹಳದಿ ಟೇಪು, ತುದಿಯ ತಗಡು ಸವೆದಿತ್ತು. ಅದರ ಮೇಲೆ ಏಳು, ಒಂಬತ್ತು, ಹತ್ತು, ಹದಿನಾಲ್ಕು ಇಂಚಿನ ಹತ್ತಿರ ಉಗುರುಬಣ್ಣದ ಕೆಂಪು ಚುಕ್ಕೆ. ಹತ್ತರ ಮುಂದೆ ಅರ್ಧ ಇಂಚಿನ ಗೆರೆಯ ಮೇಲೆ ಎರಡು ಚುಕ್ಕೆ ಒತ್ತಟ್ಟಿಗೆ. ಮೇಲ್ವಿಚಾರಕಿ ಅದನ್ನು ನೋಡುತ್ತಾ ನಿಂತು, ಆಮೇಲೆ ಹಿರಿಯಕ್ಕನ ನೋಟ್‌ಬುಕ್ ತೆಗೆಸಿದರು. ತರಗತಿಯಲ್ಲಿ ಬರೆದ ಚಿತ್ರಗಳಲ್ಲಿ ಗೆರೆ ಅಚ್ಚುಕಟ್ಟಾಗಿತ್ತು, ಅಂಕಿ ಒಂದೂ ಇರಲಿಲ್ಲ. ಮನೆಯಿಂದ ಬರೆದು ತಂದ ಪುಟಗಳಲ್ಲಿ ಅಂಕಿ ಇತ್ತು, ಆದರೆ ಅಕ್ಷರ ಬೇರೆಯದು, ಶಾಲೆಗೆ ಹೋಗುವ ಹುಡುಗಿಯ ದುಂಡನೆಯ ಅಕ್ಷರ.

ಹಿರಿಯಕ್ಕನಿಗೆ ಅರ್ಧ, ಕಾಲು ಇಂಚಿನ ಗೆರೆ ಓದಲು ಬರುತ್ತಿರಲಿಲ್ಲ. ನಾಲ್ಕರಿಂದ ಭಾಗಿಸಲೂ ಬರುತ್ತಿರಲಿಲ್ಲ. ಹದಿನೈದು ವರ್ಷ ಅವರು ಅಳತೆ ಬ್ಲೌಸು ಮತ್ತು ಆ ಚುಕ್ಕೆಗಳ ಮೇಲೆ ಹೊಲಿಗೆ ನಡೆಸಿದ್ದರು. ಕಾಗದದ ನಕ್ಷೆ ಬಂದಾಗಲೆಲ್ಲ ಆ ಗುಟ್ಟು ಇಪ್ಪತ್ತೇಳು ಜನರ ಎದುರು ಬಯಲಾಗುವ ಭಯ. ಬೈದು ಎದ್ದು ಹೋದರೆ ‘ಸಿಟ್ಟಿನವರು’ ಎನ್ನುತ್ತಾರೆ; ತಪ್ಪು ಉತ್ತರ ಕೊಟ್ಟರೆ ‘ಇಷ್ಟೂ ಬರೋದಿಲ್ಲವಾ’ ಎನ್ನುತ್ತಾರೆ. ಊರಲ್ಲಿ ಹೊಲಿಗೆಯಿಂದಲೇ ಮರ್ಯಾದೆ ಗಳಿಸಿದ ಹೆಂಗಸು ಮೊದಲನೆಯದನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಶಿಕ್ಷಣ ತಜ್ಞ ಮಾಲ್ಕಮ್ ನೋಲ್ಸ್ 1970ರ ದಶಕದಲ್ಲಿ ವಯಸ್ಕರ ಕಲಿಕೆಯ ಬಗ್ಗೆ ಹೇಳಿದ ಮಾತು ಇಲ್ಲಿ ಹೊಂದುತ್ತದೆ: ವಯಸ್ಕರಿಗೆ ಅವರ ಅನುಭವವೇ ಅವರ ಗುರುತು, ಅದನ್ನು ತಳ್ಳಿಹಾಕಿದರೆ ತಮ್ಮನ್ನೇ ತಳ್ಳಿಹಾಕಿದಂತೆ ಅವರಿಗೆ ಅನಿಸುತ್ತದೆ.

ಮಾತುಕತೆ

ಇಲ್ಲಿ ಮೂರು ತೀರ್ಮಾನಗಳಾದವು. ಒಂದು, ಬೇರೆಯವರ ಕೈಲಿ ಹೇಳಿಕಳಿಸುವುದು ಬೇಡ, ಶಿಕ್ಷಕಿಯೇ ಫೋನು ಮಾಡಬೇಕು. ಎರಡು, ಆಡಿದ ಮಾತಿಗೆ ಮಾತ್ರ ತಪ್ಪೊಪ್ಪಿಗೆ, ಕಲಿಸುವ ಕ್ರಮಕ್ಕಲ್ಲ. ಮೂರು, ಲೆಕ್ಕದ ವಿಷಯ ತಮಗೆ ಗೊತ್ತಾಗಿದೆ ಎಂದು ಶಿಕ್ಷಕಿ ಬಾಯಿ ಬಿಡಬಾರದು.

ಅಂದು ಸಂಜೆ ಫೋನಿನಲ್ಲಿ ಆಡಿದ್ದು ನಾಲ್ಕೇ ಮಾತು: “ಅಕ್ಕಾ, ನಿನ್ನಿ ನಾ ಹಂಗ ಅನ್ನಬಾರದಿತ್ತು, ನಂದು ತಪ್ಪಾತು. ನಿಮ್ಮ ಟೇಪು ಇಲ್ಲೇ ಐತ್ರಿ, ತಗದಿಟ್ಟೀನಿ. ನಾಳೆ ತರಗತಿ ಮುಗದ ಮ್ಯಾಲ ಒಂದೂವರಿಗೆ ಬರ್ತೀರೇನ್ರಿ? ನನಗೊಂದು ಕೇಳೂದೈತಿ.”

ಹದಿನೆಂಟನೇ ದಿನ ಎಲ್ಲರೂ ಹೋದ ಮೇಲೆ ಅವರು ಬಂದರು. ಮೇಜಿನ ಆಚೆ ಈಚೆ ಕೂರದೆ ಇಬ್ಬರೂ ಕತ್ತರಿಸುವ ಮೇಜಿನ ಒಂದೇ ಬದಿಯಲ್ಲಿ ನಿಂತರು, ಮುಂದೆ ಬಟ್ಟೆ. ‘ಯಾಕೆ ಹೀಗೆ ಮಾಡ್ತೀರಿ’ ಎಂಬ ಪ್ರಶ್ನೆ ಬರಲೇ ಇಲ್ಲ. ಶಿಕ್ಷಕಿ ಕೇಳಿದ್ದು ಕೆಲಸದ ಪ್ರಶ್ನೆ: ಅಳತೆ ಬ್ಲೌಸು ತರದ ಗಿರಾಕಿ ಬಂದರೆ ಏನು ಮಾಡುತ್ತೀರಿ? ಹಿರಿಯಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗ ಬಂದವರನ್ನ ವಾಪಸ್ ಕಳಸ್ತೀನಿ” ಎಂದರು. ಇದು ಪ್ರಕರಣದ ತಿರುವು. ಪ್ರಮಾಣಪತ್ರದ ಆಚೆಗೂ ತಮಗೆ ಇಲ್ಲಿ ಬೇಕಾದದ್ದೊಂದು ಇದೆ ಎಂದು ಅವರೇ ಒಪ್ಪಿಕೊಂಡ ಹಾಗಾಯಿತು, ಯಾರೂ ಒತ್ತಾಯ ಮಾಡದೆ.

ಆಗ ಶಿಕ್ಷಕಿ ಟೇಪನ್ನು ಕೈಗೆ ತೆಗೆದುಕೊಂಡರು. ಎದೆ ಸುತ್ತಳತೆ 36. ಟೇಪಿನ ತುದಿಯನ್ನು 36ರ ಗೆರೆಗೆ ಹಿಡಿದು ಮಡಿಸಿದರೆ ಮಡಿಕೆ 18ರಲ್ಲಿ. ಆ ಮಡಿಕೆಯನ್ನು ಮತ್ತೆ ತುದಿಗೆ ಹಿಡಿದರೆ ಹೊಸ ಮಡಿಕೆ 9ರಲ್ಲಿ. ಲೆಕ್ಕವಿಲ್ಲ, ಬರವಣಿಗೆಯಿಲ್ಲ. ಹಿರಿಯಕ್ಕ ಆ ಮಡಿಕೆಯನ್ನು ಬಟ್ಟೆಯ ಮೇಲಿಟ್ಟು, ಹದಿನೈದು ವರ್ಷದ ಅಭ್ಯಾಸದಂತೆ ಪಕ್ಕದಲ್ಲಿ ಎರಡು ಬೆರಳಿಟ್ಟು ಚಾಕಿನಿಂದ ಗೆರೆ ಹಾಕಿದರು. ಅವರ ಎರಡು ಬೆರಳು ಒಂದೂವರೆ ಇಂಚು. ಒಟ್ಟು ಹತ್ತೂವರೆ. ಬೋರ್ಡಿನ ಮೇಲೆ ಹದಿನಾರನೇ ದಿನ ಬರೆದಿದ್ದ ಲೆಕ್ಕ ಇನ್ನೂ ಅಳಿಸಿರಲಿಲ್ಲ: 36ಕ್ಕೆ ಸಡಿಲ 2 ಸೇರಿಸಿ 38, ಅದರ ನಾಲ್ಕನೇ ಭಾಗ ಒಂಬತ್ತೂವರೆ, ಹೊಲಿಗೆಗೆ 1. ಹತ್ತೂವರೆ. ಇಬ್ಬರೂ ಬೋರ್ಡನ್ನೂ ಬಟ್ಟೆಯನ್ನೂ ನೋಡಿದರು.

ತರಗತಿಯಲ್ಲಿ ಬದಲಾದದ್ದು

ಬೈದದ್ದು ಎಲ್ಲರೆದುರು, ಹಾಗಾಗಿ ತಪ್ಪೊಪ್ಪಿಗೆಯೂ ಎಲ್ಲರೆದುರೇ ಆಗಬೇಕಿತ್ತು. ಹತ್ತೊಂಬತ್ತನೇ ದಿನ ಶಿಕ್ಷಕಿ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿ ಪಾಠಕ್ಕೆ ಇಳಿದರು. ಉದ್ದ ಮಾಡಿದ್ದರೆ ಹಿರಿಯಕ್ಕನಿಗೆ ಅದೇ ಇನ್ನೊಂದು ಮುಜುಗರ.

ಟೇಪು ಮಡಿಸುವುದನ್ನು ಹಿರಿಯಕ್ಕನಿಗಾಗಿ ಎಂದು ತೋರಿಸದೆ ಇಡೀ ತರಗತಿಗೆ ಹೊಸ ಪಾಠವಾಗಿ ಕಲಿಸಿದರು. ಆಗ ಬಯಲಾದದ್ದೇನೆಂದರೆ, 36, 40 ಬಂದಾಗ ಹೇಳುತ್ತಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ 37 ಬಂದಾಗ ಪಕ್ಕದವಳ ನೋಟ್‌ಬುಕ್ ನೋಡುತ್ತಿದ್ದರು. ಟೇಪು ಮಡಿಸಿದರೆ 37 ಹದಿನೆಂಟೂವರೆಗೆ, ಆಮೇಲೆ ಒಂಬತ್ತೂಕಾಲಿಗೆ ತಾನಾಗಿ ಬಂದು ನಿಲ್ಲುತ್ತದೆ. ಒಬ್ಬರು ಕೂಗಿ ಹೇಳಿದ ಕಷ್ಟವನ್ನು ಹತ್ತು ಮಂದಿ ಬಾಯಿ ಮುಚ್ಚಿಕೊಂಡು ಪಡುತ್ತಿದ್ದರು. ಅರ್ಧ, ಕಾಲಿನ ಗೆರೆ ಓದುವುದನ್ನು ಮಡಿಕೆಯಿಂದಲೇ ಕಲಿಸಿದರು: ಇಂಚಿನ ನಡುವಿನ ಉದ್ದ ಗೆರೆ ಅರ್ಧ, ಅದರ ಆಚೆ ಈಚೆ ಕಾಲು ಮತ್ತು ಮುಕ್ಕಾಲು. ಆರು ದಿನ, ದಿನಕ್ಕೆ ಹತ್ತು ನಿಮಿಷ.

ಇಪ್ಪತ್ನಾಲ್ಕನೇ ದಿನ ಎರಡು ಬ್ಲೌಸಿನ ಪರೀಕ್ಷೆ. ಕೇಂದ್ರದ ಆಯಾಗೆ ಎಂಬತ್ತು ಸೆಂಟಿಮೀಟರಿನ ಎರಡು ಹತ್ತಿ ತುಂಡು. ಒಂದನ್ನು ಹಿರಿಯಕ್ಕ ಆಯಾಳ ಹಳೆಯ ಬ್ಲೌಸಿಟ್ಟು ಕತ್ತರಿಸಿದರು, ಇನ್ನೊಂದನ್ನು ಶಿಕ್ಷಕಿ ಮೈ ಅಳತೆ ತೆಗೆದು. ಇದು ಅಪಾಯದ ಕೆಲಸ. ಒಬ್ಬರದು ಚೆನ್ನಾಗಿ ಬಂದು ಇನ್ನೊಬ್ಬರದು ಕೆಟ್ಟರೆ ಹದಿನಾರನೇ ದಿನಕ್ಕೆ ವಾಪಸ್ ಹೋದಂತೆ. ಅದಕ್ಕೇ ಮೇಲ್ವಿಚಾರಕಿ ಮೊದಲೇ ಷರತ್ತು ಹಾಕಿದ್ದರು: ಎರಡರಲ್ಲೂ ತಪ್ಪು ಹುಡುಕುವುದು, ಯಾವುದು ಮೇಲು ಎಂಬ ಮಾತು ಬರಕೂಡದು. ಹಿರಿಯಕ್ಕನ ಬ್ಲೌಸು ಕಂಕುಳಲ್ಲಿ ಹಿಡಿಯಿತು, ಹಳೆಯದು ಹಿಡಿಯುತ್ತಿದ್ದ ಜಾಗದಲ್ಲೇ. ಅಳತೆ ಬ್ಲೌಸಿನ ದೋಷ ಹೊಸದಕ್ಕೂ ಇಳಿದು ಬರುತ್ತದೆ ಎಂಬುದು ಎಲ್ಲರ ಕಣ್ಣಿಗೆ ಕಂಡಿತು. “ಒಗದು ಒಗದು ಹಳೇದು ಕುಗ್ಗೇತಿ” ಎಂದರು ಅವರು, ಅದೂ ನಿಜವೇ. ಶಿಕ್ಷಕಿಯದು ಎದೆಗೆ ಸರಿಯಾಗಿ ಕೂತಿತ್ತು, ಭುಜದಿಂದ ಮಾತ್ರ ಜಾರುತ್ತಿತ್ತು. ಆಯಾಳದು ಇಳಿಜಾರು ಭುಜ, ಬೆನ್ನಿನ ಕತ್ತು ಒಂಬತ್ತು ಇಂಚು ಆಳ. ಹಿರಿಯಕ್ಕ ಭುಜದ ಹೊಲಿಗೆಯನ್ನು ಅರ್ಧ ಇಂಚು ಚಿವುಟಿ ಹಿಡಿದರು, ಜಾರುವುದು ನಿಂತಿತು. “ಕತ್ತು ಆಳ ಇಟ್ರ ಭುಜಾ ಇಷ್ಟು ಕಡಿಮಿ ಹಿಡಿಬೇಕ್ರಿ” ಎಂದರು. ಅಂದು ಮೊದಲ ಸಲ ಅವರ ಮಾತಿನ ಕೊನೆಗೆ ‘ರೀ’ ಬಂತು. ಶಿಕ್ಷಕಿ ಆ ಅರ್ಧ ಇಂಚನ್ನು ಬೋರ್ಡಿನ ಮೇಲೆ ಬರೆದರು.

ನಿಯಮಗಳನ್ನೂ ಹೊಸದಾಗಿ ಮಾಡಿದರು, ಈ ಸಲ ತರಗತಿಯವರೇ ಕೂತು. ದಂಡದ ದುಡ್ಡು ಕೊಟ್ಟವರಿಗೆ ವಾಪಸ್ ಹೋಯಿತು. ಪಾಠ ಶುರುವಾಗುವುದು ಹತ್ತಕ್ಕೆ, 9.30ಕ್ಕೆ ಬರುವ ಊರಿನವರು ಅಲ್ಲಿಯವರೆಗೆ ಮಷೀನಿಗೆ ಎಣ್ಣೆ ಬಿಡುವುದು, ಬಾಬಿನ್ ಸುತ್ತುವುದು, ಬಾಕಿ ಹೊಲಿಗೆ ಮುಗಿಸುವುದು. ಕೊನೆಯ ಅರ್ಧ ಗಂಟೆ ಹಳ್ಳಿಯವರಿಗೆ ಮಷೀನು ಮೊದಲು. ಫೋನು ಸದ್ದು ನಿಲ್ಲಿಸಿ ಕಿಟಕಿ ಕಟ್ಟೆಯ ಮೇಲೆ, ಮುಖ ಮೇಲಾಗಿ; ಮನೆಯ ಕರೆ ಬಂದರೆ ಕೇಳದೆ ಎದ್ದು ಹೊರಗೆ ಹೋಗಬಹುದು. ಬಾಬಿನ್ ಕೇಸ್‌ಗಳಿಗೆ ಮಷೀನಿನ ನಂಬರು ಗೀಚಿ ಹಾಕಿದ ದಿನವೇ ಆ ಜಗಳ ನಿಂತಿತು.

ತಾಳ್ಮೆಯಿಂದ ಕಾಯಬಾರದ ಸಂಗತಿಯೂ ಈ ತರಗತಿಯಲ್ಲಿ ಒಂದು ನಡೆಯಿತು. ಇಪ್ಪತ್ತೊಂದನೇ ದಿನ ಒಬ್ಬಾಕೆ ತನ್ನ ಜೊತೆ ಮಷೀನು ಹಂಚಿಕೊಳ್ಳುವ ಜೋಡಿಯ ಜಾತಿ ಎತ್ತಿ, ಅವಳ ಪಕ್ಕ ಕೂರುವುದಿಲ್ಲ ಎಂದಳು. ಇದರ ಹಿಂದಿನ ಭಯ ಏನು, ಕಾರಣ ಏನು ಎಂದು ಹುಡುಕುತ್ತಾ ಕೂರುವಂತಿಲ್ಲ. ಅಷ್ಟು ಹೊತ್ತು ಅವಮಾನ ಉಣ್ಣುವವಳು ಬೇರೆಯವಳು. ಶಿಕ್ಷಕಿ ಮಷೀನುಗಳನ್ನೆಲ್ಲ ನಿಲ್ಲಿಸಿ, ಇಲ್ಲಿ ಈ ಮಾತು ನಡೆಯುವುದಿಲ್ಲ, ಕೂರುವುದಿದ್ದರೆ ಕೂರಿ ಇಲ್ಲವಾದರೆ ಹೋಗಬಹುದು ಎಂದು ಸ್ಪಷ್ಟವಾಗಿ ಹೇಳಿದರು. ಮರುದಿನದಿಂದ ಜೋಡಿಗಳನ್ನು ದಿನಾ ಚೀಟಿ ಎತ್ತಿ ಹಾಕುವ ಪದ್ಧತಿ ಬಂತು. ಅದೇ ಶಿಕ್ಷಕಿ, ಅದೇ ವಾರ, ಒಬ್ಬರ ಜೊತೆ ಮೆತ್ತಗೆ, ಇನ್ನೊಬ್ಬರ ಜೊತೆ ಗಟ್ಟಿಯಾಗಿ ನಡೆದುಕೊಂಡರು. ಎರಡೂ ಸರಿಯಾಗಿತ್ತು.

ಫಲ

ಇಪ್ಪತ್ತೆಂಟು ಮಂದಿಯಲ್ಲಿ 24 ಮಂದಿ 45 ದಿನ ಮುಗಿಸಿದರು. ಬಿಟ್ಟ ನಾಲ್ವರಲ್ಲಿ ಇಬ್ಬರು ದಂಡದ ದಿನಗಳಲ್ಲಿ ಗೈರಾದವರು. ದುಡ್ಡು ವಾಪಸ್ ಕೊಟ್ಟು ಕರೆದರೂ ಅವರು ತಿರುಗಿ ಬರಲಿಲ್ಲ. ಹದಿನಾರನೇ ದಿನ ಹಿರಿಯಕ್ಕನ ಹಿಂದೆ ಹೋದವರಲ್ಲಿ ನಾಲ್ವರು ಬಂದರು, ಒಬ್ಬಾಕೆ ಬರಲಿಲ್ಲ. ಬಿಟ್ಟವರಲ್ಲಿ ನಾಲ್ಕನೆಯವಳು ಸ್ವಸಹಾಯ ಸಂಘದವರು ಕಳಿಸಿದ್ದಕ್ಕೆ ಬಂದವಳು. ಅವಳಿಗೆ ಹೊಲಿಗೆ ಬೇಡವಾಗಿತ್ತು, ಹೋದದ್ದೇ ಒಳ್ಳೆಯದಾಯಿತು. ಎಲ್ಲ ಗದ್ದಲದ ಹಿಂದೆಯೂ ಕೆಂಪು ಚುಕ್ಕೆ ಇರುವುದಿಲ್ಲ. ಕೆಲವರಿಗೆ ನಿಜಕ್ಕೂ ಆಸಕ್ತಿ ಇರುವುದಿಲ್ಲ, ಅದನ್ನು ಅವರ ಬಾಯಿಂದಲೇ ಕೇಳಿ ತಿಳಿದು ಬೀಳ್ಕೊಡುವುದೂ ಕಲಿಸುವವರ ಕೆಲಸವೇ.

ಹಿರಿಯಕ್ಕ ಪ್ರಮಾಣಪತ್ರ ಪಡೆದರು. ಕೊನೆಯ ಪರೀಕ್ಷೆಯಲ್ಲಿ ಅಳತೆ ಬ್ಲೌಸಿಲ್ಲದೆ 37 ಇಂಚಿನ ಬ್ಲೌಸನ್ನು ಕತ್ತರಿಸಿ ಹೊಲಿದರು. ತೋಳಿನ ಸುತ್ತಳತೆಯಲ್ಲಿ ಕಾಲು ಇಂಚು ಹೆಚ್ಚಾಗಿತ್ತು, ಅದನ್ನು ತಾವೇ ಕಂಡುಹಿಡಿದು ಒಳಗೆ ಹಿಡಿದರು. ಕಾಗದದ ಮೇಲೆ ನಕ್ಷೆ ಬರೆಯುವುದು ಅವರಿಗೆ ಕೊನೆಯವರೆಗೂ ಇಷ್ಟವಾಗಲಿಲ್ಲ. ಶಿಕ್ಷಕಿಯನ್ನು ಅವರು ಕೊನೆಯ ದಿನವೂ ‘ತಂಗಿ’ ಎಂದೇ ಕರೆದರು.

ಮುಂದಿನ ತಂಡಕ್ಕೆ ಕೇಂದ್ರದವರು ಮೊದಲ ದಿನದ ಕ್ರಮವನ್ನೇ ಬದಲಿಸಿದರು. ಹೆಸರು ಕೇಳುವಾಗ ಎಲ್ಲರಿಗೂ ‘ರೀ’. ಮುಂಚೆಯೇ ಹೊಲಿಯುತ್ತಿದ್ದವರು ಯಾರು ಎಂದು ಕೇಳಿ, ಅವರು ಹೊಲಿದದ್ದನ್ನು ಮರುದಿನ ತರಿಸಿ ಮೇಜಿನ ಮೇಲೆ ಹರಡುವುದು. ಕಾಗದದ ಹೊಲಿಗೆಯ ಬದಲು ಅವರಿಗೆ ಮೊದಲ ವಾರವೇ ಹುಕ್ ಪಟ್ಟಿ, ಪೈಪಿಂಗ್. ಆಮೇಲೆ ಎಲ್ಲರ ಕೈಗೂ ಒಂದೊಂದು ಟೇಪು ಕೊಟ್ಟು, ನಿಮ್ಮ ಪಕ್ಕದವರ ಎದೆ ಸುತ್ತಳತೆ ತೆಗೆದು ನಾಲ್ಕು ಮಡಿಕೆ ಮಾಡಿ ಎನ್ನುವುದು. ಬರೆಯುವುದಿಲ್ಲ, ಗಟ್ಟಿಯಾಗಿ ಹೇಳುವುದಿಲ್ಲ. ಶಿಕ್ಷಕಿ ಸಾಲುಗಳ ನಡುವೆ ನಡೆಯುತ್ತಾ, ಯಾರ ಬೆರಳು ಯಾವ ಗೆರೆಯ ಹತ್ತಿರ ನಿಲ್ಲುತ್ತದೆ ಎಂದು ನೋಡಿಕೊಳ್ಳುತ್ತಾರೆ.